ಸೋಮಾರಿಯ ಸೆಪ್ಟಿಕ್ ಟ್ಯಾಂಕು

ಮಿನ್ನೆಸೋಟದ ಹಳ್ಳಿಗಾಡಿನಲ್ಲಿ ಮನೆ ಮಾಡಿದ ಮೇಲೆ ನನ್ನ ಸೋಮಾರಿತನಕ್ಕೆ ಶಾಸ್ತ್ರಾಧಾರ ಸಿಕ್ಕಿತು. ಇಲ್ಲಿ ಒಳಚರಂಡಿ ಇಲ್ಲ. ಮನೆಗೊಂದು ಸೆಪ್ಟಿಕ್ ಟ್ಯಾಂಕು, ಅದರಾಚೆ ನೀರು ಇಂಗಲು ಒಂದಿಷ್ಟು ಬಯಲು. ಚಳಿಗೆ ನೆಲ ಎಷ್ಟು ಆಳಕ್ಕೆ ಹೆಪ್ಪುಗಟ್ಟೀತೆಂದು ಲೆಕ್ಕ ಹಾಕಿ, ಮನೆಯ ಅಡಿಪಾಯ ರಾಜ್ಯದ ದಕ್ಷಿಣ ಭಾಗದಲ್ಲಿ 42 ಇಂಚು, ಉತ್ತರದಲ್ಲಿ 60 ಇಂಚು ಇಳಿಯಬೇಕೆಂದು ನಿಯಮವಿದೆ. ಬಯಲಿನ ಕೊಳವೆಗಳು ಪಾಪ, ಅಷ್ಟು ಆಳದಲ್ಲಿರುವುದಿಲ್ಲ.

ಅವನ್ನು ಕಾಯುವುದು ಹುಲ್ಲು ಮತ್ತು ಹಿಮ. ಬೇಸಿಗೆ ಮುಗಿಯುತ್ತಿದ್ದಂತೆ ಅಲ್ಲಿನ ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ ಎಂದು ಇಲ್ಲಿನ ವಿಶ್ವವಿದ್ಯಾಲಯವೇ ಹೇಳುತ್ತದೆ. ಬೆಳೆದ ಹುಲ್ಲು ಹಿಮವನ್ನು ಹಿಡಿದಿಡುತ್ತದೆ, ಹಿಮದೊಳಗೆ ಸಿಕ್ಕ ಗಾಳಿ ನೆಲದ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಆ ಹಿಮವನ್ನು ಎತ್ತಬಾರದು, ತುಳಿಯಬಾರದು, ಅದರ ಮೇಲೆ ಸ್ನೋಮೊಬೈಲ್ ಓಡಿಸಬಾರದು. ಮಾಡಬಾರದ ಕೆಲಸಗಳೇ ತುಂಬಿರುವ ಇಂಥ ವಿದ್ಯೆ ನನಗೆ ಶಾಲೆಯಲ್ಲಿ ಸಿಕ್ಕಿದ್ದರೆ ರ‍್ಯಾಂಕು ಬರುತ್ತಿದ್ದೆ. ವಾರವಾರ ಹುಲ್ಲು ಕತ್ತರಿಸುವ ಪಕ್ಕದ ಮನೆಯವರು ಮಾತ್ರ ನನ್ನ ಹಿತ್ತಲು ನೋಡಿ ನಿಟ್ಟುಸಿರು ಬಿಡುತ್ತಾರೆ.

ತೀರ್ಥಹಳ್ಳಿಯಿಂದ ಬಂದ ಅಮ್ಮನಿಗೆ ನಲ್ಲಿಯ ಶಾಸ್ತ್ರ ಒಪ್ಪಿಸುವುದು ಕಷ್ಟವಾಯಿತು. "ಅಮ್ಮಾ, ನೀರು ಸಣ್ಣಗೆ ಬಿಡ್ಬೇಡ. ಜೋರಾಗಿ ಬಿಟ್ಟದ್ದು ಓಡಿ ಟ್ಯಾಂಕು ಸೇರ್ತದೆ. ತೊಟ್ಟಿಕ್ಕಿದ್ದು ದಾರಿಯಲ್ಲೇ ಕೂತು, ಪದರಪದರವಾಗಿ ಮಂಜುಗಡ್ಡೆ ಕಟ್ತದೆ."

"ಹಾಗಾದ್ರೆ ಉಳಿಸಿದ್ರೆ ನಷ್ಟ, ಚೆಲ್ಲಿದ್ರೆ ಲಾಭ! ಅಮೆರಿಕಾ ಅಂದ್ರೆ ಇದೇಯೇನೋ?"

ಚೆಲ್ಲುತ್ತಲೇ ಇದ್ದರೆ ಬಯಲು ತುಂಬಿ ಕೆಸರಾಗುತ್ತದೆ ಎಂದು ನಾನು ವಿವರಿಸುವಷ್ಟರಲ್ಲಿ ಅಮ್ಮ ಎದ್ದು ಹೋಗಿಯಾಗಿತ್ತು. ಆದರೆ ಟ್ಯಾಂಕಿಗೆ ಅಮ್ಮನೇ ಸರಿ. ವಾರದ ಬಟ್ಟೆಯನ್ನೆಲ್ಲ ಶನಿವಾರ ಒಟ್ಟಿಗೆ ಒಗೆಯದೆ ದಿನಾ ಸ್ವಲ್ಪ ಸ್ವಲ್ಪ ಒಗೆದು, ಒಳಗೆ ಬಿಸಿನೀರು ಹೋಗುತ್ತಿದ್ದರೆ ಅದು ಬೆಚ್ಚಗಿರುತ್ತದೆ. ಮಡಿಸ್ನಾನ, ಮಡಿಬಟ್ಟೆ ಎರಡೂ ಅಮ್ಮನ ನಿತ್ಯವಿಧಿ. ಒಳಗಿನ ಬ್ಯಾಕ್ಟೀರಿಯಾಗಳಿಗೂ ಬಿಸಿನೀರು ಹಿತ ಎಂದೆ. "ಆ ಹುಳಗಳಿಗೋಸ್ಕರ ನಾನು ಮೀಯ್ಬೇಕಾ?" ಎಂದು ಅಮ್ಮ ಬಚ್ಚಲಿನ ಬಾಗಿಲು ಹಾಕಿಕೊಂಡಳು.

ಹೆಪ್ಪುಗಟ್ಟೀತೆಂದು ಟ್ಯಾಂಕಿಗೆ ಉಪ್ಪು ಸುರಿಯುವುದು, ಕಾರಿಗೆ ಹಾಕುವ ಆಂಟಿಫ್ರೀಜ್ ಸುರಿಯುವುದು, ಮೇಲೆ ಬೆಂಕಿ ಹಾಕುವುದು, ಇವೆಲ್ಲ ನಿಷಿದ್ಧ. ಒಮ್ಮೆ ಕೊಳವೆ ಹೆಪ್ಪುಗಟ್ಟಿ ಕಟ್ಟಿಕೊಂಡರೆ ಹಬೆಯ ಯಂತ್ರದವನನ್ನೇ ಕರೆಸಬೇಕು.

ಈ ಜನವರಿಯಲ್ಲಿ ಊರಲ್ಲಿ ತಂಗಿಯ ಮಗಳ ಮದುವೆ. ಮನೆ ಖಾಲಿ ಬಿಟ್ಟರೆ ಟ್ಯಾಂಕು ತಣ್ಣಗಾಗುತ್ತದೆ. ಯಾರಾದರೂ ಬಂದು ನೀರು ಬಳಸಬೇಕು. ಕೊನೆಗೆ ಪಕ್ಕದ ಮನೆಯವರ ಬಾಗಿಲು ತಟ್ಟಿ, ನಾವಿಲ್ಲದಾಗ ದಯವಿಟ್ಟು ನಮ್ಮ ಮನೆಗೆ ಬಂದು ಸ್ನಾನ ಮಾಡಿ ಎಂದು ಕೈಮುಗಿದೆ. ಅವರು ಬಹಳ ಹೊತ್ತು ನನ್ನನ್ನೇ ನೋಡಿ, ಟವೆಲ್ ತಾವೇ ತರಬೇಕೇ ಎಂದು ಕೇಳಿದರು.