ಬೆಚ್ಚುಪ್ರಕರಣ: ಜತ್ತ ಸೀಮೆಗೆ ಅನ್ವಯಿಸಿದ ಮೂಷಿಕಶಾಸ್ತ್ರ

ಅಥಾತೋ ಬೆಚ್ಚುಮೀಮಾಂಸಾ. ಬೆಚ್ಚುವುದು ಬೇರೆ, ಅಂಜುವುದು ಬೇರೆ ಎಂಬುದು ಈ ಶಾಸ್ತ್ರದ ಮೊದಲ ಸೂತ್ರ. ಅಂಜಲಿಕ್ಕೆ ಕಾರಣ ಬೇಕು, ಬೆಚ್ಚಲಿಕ್ಕೆ ಸಪ್ಪಳ ಸಾಕು. ಕಿವಿಗೆ ಬಿದ್ದ ಸಪ್ಪಳ ಮಿದುಳಿನ ಬುಡದ ಒಂದು ನರಗುಂಪನ್ನು ಮುಟ್ಟಿ, ಅಲ್ಲಿಂದ ನೇರ ಬೆನ್ನುಹುರಿಗೆ ಇಳಿಯುತ್ತದೆ. ಇಲಿಗೆ ಇಷ್ಟಕ್ಕೆಲ್ಲ ಸೆಕೆಂಡಿನ ನೂರನೇ ಒಂದು ಭಾಗ ಸಾಕು. ವಿಚಾರ ಮಾಡುವ ಮೇಲಿನ ಮಿದುಳಿಗೆ ಸುದ್ದಿ ಹೋಗುವಷ್ಟರಲ್ಲಿ ಮೈ ಸೆಟೆದಾಗಿರುತ್ತದೆ. ಆದ್ದರಿಂದ ಬೆಚ್ಚಿದವರನ್ನು ಪುಕ್ಕಲರೆನ್ನುವುದು ಅಶಾಸ್ತ್ರೀಯ.

ಮೊದಲ ವಿಭಾಗ ತಳಿಯದು. ಮಾಡಗ್ಯಾಳದ ಕುರಿಯನ್ನು ಡೊಂಕು ಮೂಗು ನೋಡಿಯೇ ಗುರುತಿಸುವ, ಖಿಲಾರಿ ಹೋರಿ ಕಿವಿ ನಿಮಿರಿಸಿದರೆ ಹಗ್ಗ ಬಿಗಿಹಿಡಿಯುವ, ಮಹಾರಾಷ್ಟ್ರದ ಗಡಿಸೀಮೆ ಜತ್ತದ ಜನಕ್ಕೆ ತಳಿ ಅಂದರೇನೆಂದು ಹೇಳಬೇಕಾಗಿಲ್ಲ. ಪ್ರಯೋಗಾಲಯದ ಇಲಿಗಳಿಗೂ ಮನೆತನಗಳಿವೆ. ಅಮೆರಿಕದ ಸಿ. ಸಿ. ಲಿಟಲ್ 1909ರಲ್ಲಿ ಶುರುಮಾಡಿದ ಡಿಬಿಎ ಎಲ್ಲಕ್ಕಿಂತ ಹಳೆಯದು. 1921ರಲ್ಲಿ ಸಿ57 ಎಂಬ ಕಪ್ಪಿಲಿಗಳನ್ನೂ ಅವನೇ ತಂದ. ತಲೆಮಾರಿಗೆ ತಲೆಮಾರು ಅಣ್ಣತಂಗಿಯರನ್ನೇ ಕೂಡಿಸಿ ಬೆಳೆಸಿದ ವಂಶಗಳಿವು. (ಸೋದರಮಾವನ ಮಗಳವರೆಗೆ ನಮ್ಮ ಹಿರಿಯರ ತಕರಾರಿಲ್ಲ, ಅದರಾಚೆಗೆ ಅವರನ್ನು ಕೇಳಲೂಬಾರದು.)

ಅಳತೆಯ ಕ್ರಮ ಹೀಗೆ. ಇಲಿಯನ್ನು ಪಾರದರ್ಶಕ ನಳಿಗೆಯೊಂದರಲ್ಲಿ ಕೂರಿಸುತ್ತಾರೆ. ಅದರ ಕೆಳಗೆ ಅಲುಗಾಟ ಹಿಡಿಯುವ ಯಂತ್ರ. ಇಲಿ ಮೀಸೆ ಕುಣಿಸುತ್ತ ನಳಿಗೆಯ ಅಂಚು ಮೂಸುತ್ತಿರುವಾಗ 120 ಡೆಸಿಬೆಲ್‌ನ ಸಪ್ಪಳ ಬಡಿಯುತ್ತದೆ. ಕಣ್ಣು ಮುಚ್ಚುತ್ತದೆ, ಕತ್ತು ಒಳಗೆ ಸೇರುತ್ತದೆ, ಬೆನ್ನು ಗೂನಾಗುತ್ತದೆ, ಯಂತ್ರದಲ್ಲಿ ಅಂಕಿ ಜಿಗಿಯುತ್ತದೆ. ಅಂಕಿ ದೊಡ್ಡದಾದಷ್ಟೂ ಬೆಚ್ಚು ದೊಡ್ಡದು.

ಎರಡನೆಯದು ವಯಸ್ಸಿನ ವಿಭಾಗ. ಶಾಸ್ತ್ರದ ಗಂಟು ಇರುವುದೇ ಇಲ್ಲಿ. ಹುಟ್ಟಿದ ಮರಿ ಸುಮಾರು ಹನ್ನೆರಡು ದಿನ ಯಾವ ಸಪ್ಪಳಕ್ಕೂ ಜಗ್ಗುವುದಿಲ್ಲ, ಕಿವಿಯೇ ತೆರೆದಿರುವುದಿಲ್ಲ. ಡಿಬಿಎ ಮರಿಗೆ ಮೂರು ವಾರವಾದಾಗ ಜೋರು ಸಪ್ಪಳದಿಂದ ಫಿಟ್ಸ್ ಬರುವುದುಂಟು. ಅಲ್ಲಿಂದ ಅದರ ಕಿವಿ ಮಂದವಾಗುತ್ತ ಹೋಗಿ, ಮೂರು ತಿಂಗಳೊಳಗೆ ಬಹುಪಾಲು ಕಿವುಡು. ಕಪ್ಪಿಲಿಗೆ ಇದೇ ಗತಿ ನಿಧಾನವಾಗಿ ಬರುತ್ತದೆ, ಮೊದಲು ಕೀರಲು ಸ್ವರಗಳು ಹೋಗುತ್ತವೆ. ಸಿಬಿಎ ಎಂಬ ಇನ್ನೊಂದು ಮನೆತನದ್ದು ಮಾತ್ರ ಮುಪ್ಪಿನಲ್ಲೂ ಚುರುಕು ಕಿವಿ. ಹೀಗಾಗಿ ಅಂಕಿ ಏಳಲಿಲ್ಲವೆಂದು ಇಲಿಯನ್ನು ಧೀರರ ಪಟ್ಟಿಗೆ ಸೇರಿಸುವ ಮೊದಲು ಅದರ ವಂಶ, ವಯಸ್ಸು ಎರಡನ್ನೂ ಕೇಳಬೇಕು.

ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಬಂದ ಮುತ್ಯಾ ಪಕ್ಕದಲ್ಲಿ ಪಟಾಕಿ ಸಿಡಿದರೂ ಕದಲಲಿಲ್ಲ ಎನ್ನಿ. "ಹಳೇ ಪೈಲ್ವಾನ್ರೀ, ಗುಂಡಿಗಿ ಗಟ್ಟಿ" ಎನ್ನುತ್ತದೆ ಊರು. ಶಾಸ್ತ್ರ ಅಷ್ಟು ಬೇಗ ಒಪ್ಪದು. ಆದರೆ ಇನ್ನೊಂದು ಕಡೆ ಅದು ಮುತ್ಯಾನ ಪಕ್ಷವನ್ನೇ ವಹಿಸುತ್ತದೆ. ಇಲಿಗಳ ಕಿವಿಯನ್ನು ಅಭ್ಯಸಿಸಿದ ಜೇಮ್ಸ್ ವಿಲಟ್ ಮತ್ತು ಸಂಗಡಿಗರು ಕಂಡಂತೆ, ಕೀರಲು ಸ್ವರ ಕಳೆದುಕೊಂಡ ನಡುವಯಸ್ಸಿನ ಕಪ್ಪಿಲಿಗೆ ತಗ್ಗಿನ ಸ್ವರಗಳು ಮೊದಲಿಗಿಂತ ಹೆಚ್ಚು ನಾಟುತ್ತವೆ. ಮಿದುಳಿನಲ್ಲಿ ಖಾಲಿಬಿದ್ದ ಜಾಗ ಅವುಗಳ ಪಾಲಾಗುತ್ತದೆ. ಸೊಸೆಯ ಕೂಗು ಕೇಳದೆ ಕೊಟ್ಟಿಗೆಯಲ್ಲಿ ಎತ್ತು ಕಾಲು ಬಡಿದದ್ದು ಮಾತ್ರ ಕೇಳಿದರೆ, "ಮಾವಗ ಬೇಕಾದ್ದಷ್ಟ ಕೇಳಸ್ತದ" ಎಂದು ಆಡಿಕೊಳ್ಳುವವರು ಇದನ್ನು ಗಮನಿಸತಕ್ಕದ್ದು.

ಅತಿಬೆಚ್ಚಿನವರದು ಸಣ್ಣ ಉಪವರ್ಗ. ನರಗಳಿಗೆ ಕಡಿವಾಣ ಹಾಕುವ ಗ್ಲೈಸಿನ್ ಗ್ರಾಹಕದ ಜೀನ್ ಕೆಟ್ಟ ಇಲಿ ಮುಟ್ಟಿದರೂ ಮರಗಟ್ಟುತ್ತದೆ. ಮನುಷ್ಯರಲ್ಲೂ ಅದೇ ದೋಷವಿರುವುದು 1993ರಲ್ಲಿ ಗೊತ್ತಾಯಿತು. ಅದಕ್ಕೂ ಎಷ್ಟೋ ಮೊದಲು, ಬೆಚ್ಚಿ ಹಾರುವ ಮರಕಡಿಯುವವರ ಗುಂಪೊಂದನ್ನು ವೈದ್ಯ ಜಾರ್ಜ್ ಬಿಯರ್ಡ್ 1880ರಲ್ಲಿ ಕಂಡದ್ದು ಅಮೆರಿಕದ ಮೇನ್ ರಾಜ್ಯದಲ್ಲಿ. ಲಿಟಲ್ 1929ರಲ್ಲಿ ತನ್ನ ಇಲಿಗಳ ಸಂಸ್ಥೆ ಕಟ್ಟಿದ್ದೂ ಅಲ್ಲಿಯೇ. ನೀರಿನ ಗುಣವಿದ್ದೀತು.

ಕೊನೆಯದು ಮುನ್ಸೂಚಿತ ವರ್ಗ. ದೊಡ್ಡ ಸಪ್ಪಳಕ್ಕೆ ತುಸು ಮುಂಚೆ ಮೆಲ್ಲನೆಯದೊಂದು ಕೇಳಿಸಿದರೆ ಬೆಚ್ಚು ಕುಗ್ಗುತ್ತದೆ. ಆದರೆ ನಡುವಿನ ಅಂತರ ಅರ್ಧ ಸೆಕೆಂಡು ಮೀರಬಾರದು. ಜತ್ತದ ಪೂರ್ವಭಾಗದ ಹಳ್ಳಿಗಳು ನೀರಿಲ್ಲದೆ ಬೇಸತ್ತು ಕರ್ನಾಟಕ ಸೇರುತ್ತೇವೆಂದು 2012ರಲ್ಲಿ ಠರಾವು ಮಾಡಿದವು. ಅದು ಮೆಲ್ಲನೆಯ ಸಪ್ಪಳ. ದೊಡ್ಡದು ಬಂದದ್ದು 2022ರ ನವೆಂಬರಿನಲ್ಲಿ, ಆ ಹಳ್ಳಿಗಳ ವಿಷಯವನ್ನು ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಎತ್ತಿದಾಗ. ನಡುವೆ ಹತ್ತು ವರ್ಷ. ಮುಂಬಯಿ ಪೂರ್ಣಪ್ರಮಾಣದಲ್ಲಿ ಬೆಚ್ಚಿತು. ಆ ಹಳ್ಳಿಗಳಿಗೆ ನೀರು ತರಬೇಕಿದ್ದ ಮ್ಹೈಸಾಳ ಏತ ನೀರಾವರಿಯ ವಿಸ್ತರಣೆಯ ಕಡತಕ್ಕೂ ಒಮ್ಮೆಲೇ ಕಾಲು ಬಂದವು.