ಪ್ರತ್ಯಕ್ಷದರ್ಶಿ ಮಾಮ

ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಹಾಲಿನ ಪ್ಯಾಕೆಟ್ಟಿನ ತಾರೀಖನ್ನು ಕನ್ನಡಕ ಏರಿಸಿ ಓದುವವರು, ಹೋಟೆಲ್ ಬಿಲ್ಲನ್ನು ಬಾಯಿಲೆಕ್ಕದಲ್ಲಿ ಇನ್ನೊಮ್ಮೆ ಕೂಡುವವರು, ಪಂಚಾಂಗದಲ್ಲಿ ಅಮಾವಾಸ್ಯೆ ಅಂತಿದ್ದರೂ ರಾತ್ರಿ ತಾರಸಿಗೆ ಹೋಗಿ ಖಾತ್ರಿ ಮಾಡಿಕೊಳ್ಳುವವರು. ನಿವೃತ್ತರು. ಹೆಚ್ಚಾಗಿ ಬ್ಯಾಂಕು, ಇಲ್ಲವೇ ಪಿಡಬ್ಲ್ಯುಡಿ. "ಯಾರು ಹೇಳಿದ್ರೂ ನಂಬಲ್ಲ ಸಾರ್, ಕಣ್ಣಾರೆ ನೋಡ್ಬೇಕು" ಎನ್ನುವುದು ಅವರ ಪಲ್ಲವಿ. ನಮ್ಮ ಬೀದಿಯ ಹುಡುಗರು ಅವರಿಗೆ ಇಟ್ಟಿರುವ ಹೆಸರು ಪ್ರತ್ಯಕ್ಷದರ್ಶಿ ಮಾಮ.

ಮನೆ ಕಟ್ಟಿಸುವಾಗ ಮಾಮ ಗಾರೆ ಮೇಸ್ತ್ರಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಟ್ಟ ನೋಡುವಾಗ ನೀರು ತುಂಬಿದ ಪೈಪಿನ ಒಂದು ತುದಿ ಮೇಸ್ತ್ರಿಯ ಕೈಯಲ್ಲಿ, ಇನ್ನೊಂದು ಇವರ ಕೈಯಲ್ಲಿ. ಬಚ್ಚಲಿಗೆ ಟೈಲ್ಸ್ ಕೂರಿಸಿದ ಮೇಲೆ ಒಂದು ಚೊಂಬು ನೀರು ಚೆಲ್ಲಿದರು. ನೀರು ಜಾಲರಿ ಕಡೆ ಹೋಗದೆ ಬಾಗಿಲ ಕಡೆ ಬಂತು.

"ಕಣ್ಣಿಗೆ ಸರಿಯಾಗೇ ಕಾಣ್ತೈತಲ್ಲ ಸಾಮಿ" ಎಂದ ಮೇಸ್ತ್ರಿ.

"ನಿನ್ನ ಕಣ್ಣು ಕಟ್ಕೊಂಡು ನಾನೇನು ಮಾಡ್ಲಯ್ಯಾ? ನೀರು ಸುಳ್ಳು ಹೇಳುತ್ತಾ?"

ಟೈಲ್ಸ್ ಅಷ್ಟನ್ನೂ ಕೀಳಿಸಿ ಮತ್ತೆ ಹಾಕಿಸಿದರು.

ಇಂಥ ಮಾಮ ಲಡಾಖಿಗೆ ಹೋದರು. ಅಡಿಗೆಯವರನ್ನೂ ಜೊತೆಗೇ ಕರೆದುಕೊಂಡು ಹೋಗುವ ಟೂರು. ಸಮುದ್ರಮಟ್ಟದಿಂದ 11,000 ಅಡಿಗೂ ಮೇಲೆ, ಏದುಸಿರು ಬಿಡುತ್ತಾ ಬಿಸಿಬೇಳೆಬಾತ್. ಲೇಹ್‌ನಿಂದ ಕಾರ್ಗಿಲ್ ಕಡೆಗೆ ಹೊರಟು, ಪತ್ಥರ್ ಸಾಹಿಬ್ ಗುರುದ್ವಾರ ದಾಟಿ, ಸುಮಾರು 30 ಕಿಲೋಮೀಟರಿಗೆ ಸಿಗುತ್ತದೆ ಮ್ಯಾಗ್ನೆಟಿಕ್ ಹಿಲ್. ಗುರುತ್ವಾಕರ್ಷಣೆಗೇ ಸಡ್ಡು ಹೊಡೆಯುವ ಜಾಗ ಎಂದು ಬೋರ್ಡು, ರಸ್ತೆಯ ಮೇಲೆ ಬಿಳಿ ಬಣ್ಣದ ಚೌಕ. ಗಾಡಿಯನ್ನು ಚೌಕದಲ್ಲಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಬ್ರೇಕ್ ಬಿಟ್ಟರೆ ಅದು ತಾನಾಗಿಯೇ ದಿಬ್ಬದ ಕಡೆಗೆ ಹೊರಡುತ್ತದೆ.

ಹೊರಟೇಬಿಟ್ಟಿತು. ಮಾಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು: "ನೋಡ್ರೀ! ಬೆಟ್ಟ ಎಳೀತಿದೆ! ಪೂರಾ ಅಯಸ್ಕಾಂತ! ಇಲ್ಲಿ ಏರೋಪ್ಲೇನುಗಳೂ ಹೆದರ್ಕೊಂಡು ಮೇಲೇ ಹಾರ್ತಾವಂತೆ!"

"ಯಾರು ಹೇಳಿದ್ರು?" ಎಂದರು ಅತ್ತೆ.

"ಡ್ರೈವರ್ರು."

ಯಾರು ಹೇಳಿದರೂ ನಂಬದ ಮನುಷ್ಯ! ಅತ್ತೆ ಅಷ್ಟಕ್ಕೇ ಬಿಡಲಿಲ್ಲ. "ಗಾಡೀನೇ ಎಳೆಯೋ ಬೆಟ್ಟ, ನಿಮ್ಮ ಕೈಲಿರೋ ಬೀಗದಕೈ ಗೊಂಚಲನ್ನ ಯಾಕ್ರೀ ಎಳೀತಿಲ್ಲ? ನೆಟ್ಟಗೆ ಕೆಳಗೇ ತೂಗಾಡ್ತಿದೆ."

"ಚಿಲ್ರೆ ಸಾಮಾನಿಗೆಲ್ಲ ಬೆಟ್ಟ ಕೈ ಹಾಕಲ್ಲ ಕಣೇ."

ಇಂಜಿನಿಯರಿಂಗ್ ಓದುವ ತಂಗಿಯ ಮಗಳು ಅಷ್ಟರಲ್ಲಿ ಕೆಳಗಿಳಿದು ಬಾಟಲಿಯ ನೀರನ್ನು ರಸ್ತೆಗೆ ಸುರಿದಳು. ನೀರಿನ ಗೆರೆ ಡಾಂಬರಿನ ದೂಳನ್ನು ಉಂಡೆ ಕಟ್ಟಿಕೊಂಡು, ಒಂದು ಕಲ್ಲನ್ನು ಬಳಸಿಕೊಂಡು, ಸಾವಕಾಶವಾಗಿ ದಿಬ್ಬ ಹತ್ತತೊಡಗಿತು.

"ಮಾಮ, ನೀರಿಗೂ ಮ್ಯಾಗ್ನೆಟ್ಟಾ?"

ಮಾಮ ಅರೆಕ್ಷಣ ಸುಮ್ಮನಿದ್ದರು. ಮೇಸ್ತ್ರಿಯ ನೆನಪಾಗಬೇಕಿದ್ದ ಗಳಿಗೆ ಅದು. ಆಗಲಿಲ್ಲ. "ನೀರಲ್ಲಿ ಐರನ್ ಇರುತ್ತಲ್ಲಮ್ಮ. ನಮ್ಮ ಬೋರ್‌ವೆಲ್ ನೀರು ನೋಡಿಲ್ವಾ, ಬಕೆಟ್ಟೆಲ್ಲಾ ಕೆಂಪಗಾಗಿರುತ್ತೆ!"

ಹುಡುಗಿ ವಿಷಯ ಓದಿಕೊಂಡೇ ಬಂದಿದ್ದಳು. 2003ರಲ್ಲಿ ಪಾವೊಲಾ ಬ್ರೆಸ್ಸಾನ್ ಮತ್ತಿಬ್ಬರು ಇಟಲಿಯ ಸಂಶೋಧಕರು ಇಂಥ ರಸ್ತೆಗಳ ಪುಟ್ಟ ಮಾದರಿಗಳನ್ನು ಮೇಜಿನ ಮೇಲೆ ಕಟ್ಟಿ, ಇಳಿಜಾರನ್ನೂ ದಿಗಂತದ ಎತ್ತರವನ್ನೂ ಬದಲಿಸುತ್ತಾ ಜನರಿಗೆ ತೋರಿಸಿದರು. ಅಯಸ್ಕಾಂತದ ಸೋಂಕೂ ಇಲ್ಲದ ಆ ಮೇಜಿನ ಮೇಲೂ ಇಳಿಜಾರು ಏರಾಗಿ ಕಂಡಿತು. ಯಾವುದು ಸಮಮಟ್ಟ ಎಂದು ತೀರ್ಮಾನಿಸಲು ಕಣ್ಣಿಗೆ ದಿಗಂತ ಬೇಕು. ಸುತ್ತಲೂ ಗುಡ್ಡಗಳು ಓರೆಯಾಗಿ ನಿಂತು ಅದನ್ನು ಮರೆಮಾಡಿದರೆ, ಕಣ್ಣು ಆ ಗುಡ್ಡಗಳ ಓರೆಯನ್ನೇ ಮಟ್ಟವೆಂದುಕೊಳ್ಳುತ್ತದೆ. ಆಗ ಸ್ವಲ್ಪ ಇಳಿಯುವ ರಸ್ತೆ ಏರುವಂತೆ ಕಾಣುತ್ತದೆ. ಗಾಡಿಯೂ ನೀರೂ ಇಳಿಯುತ್ತಲೇ ಇರುತ್ತವೆ, ನೋಡುವವನಿಗೆ ಮಾತ್ರ ಹತ್ತಿದ ಹಾಗೆ.

"ಮೇಜಿನ ಮೇಲಿನ ಬೆಟ್ಟ ನೋಡ್ಕೊಂಡು ಲಡಾಖಿನ ಬೆಟ್ಟಕ್ಕೆ ಸರ್ಟಿಫಿಕೇಟ್ ಕೊಡ್ತಾರಾ? ನಾನು ಕಣ್ಣಾರೆ ನೋಡಿದೀನಿ" ಎಂದರು ಮಾಮ. ಕಣ್ಣೇ ಕಟಕಟೆಯಲ್ಲಿ ನಿಂತಿರುವಾಗ ಅದನ್ನೇ ಸಾಕ್ಷಿಗೆ ಕರೆಯುವ ವಕೀಲಿಕೆ ಇದು. ಸೋಲುವ ಮಾತೇ ಇಲ್ಲ.

ಊರಿಗೆ ಬಂದ ಮೇಲೆ ಗಾಡಿಯ ವೇಗ ಹೆಚ್ಚುತ್ತಾ ಹೋಯಿತು. ಲಡಾಖಿನಲ್ಲಿ ನಡೆಯುವವರ ಜೊತೆಗೆ ಹೆಜ್ಜೆ ಹಾಕಿದ್ದ ಗಾಡಿ ಬೆಳಗಿನ ವಾಕಿಂಗ್ ಬಳಗದಲ್ಲಿ ಗಂಟೆಗೆ 20 ಕಿಲೋಮೀಟರ್ ಮುಟ್ಟಿತು. ಒಂದು ಮದುವೆಯ ಪಂಕ್ತಿಯಲ್ಲಿ ಕೋಸಂಬರಿ ಬಡಿಸುವಾಗ 40 ಇದ್ದದ್ದು, ಹೋಳಿಗೆ ಬರುವ ಹೊತ್ತಿಗೆ ವಿಮಾನವನ್ನೇ ವಾಲಿಸಿತ್ತು. ಎದುರೆಲೆಯ ಅತ್ತೆ ತುಪ್ಪಕ್ಕೆ ಕೈ ಚಾಚಿದರು.

ಹೋದ ವರ್ಷ ಮಾಮ ಗ್ಲಾಸ್ಗೋದಲ್ಲಿರುವ ಮಗನ ಮನೆಗೆ ಹೋಗಿದ್ದರು. ಅಪ್ಪನ ಗುಂಗು ಬಲ್ಲ ಮಗ, ಸ್ಕಾಟ್ಲೆಂಡಿನ ಏರ್‌ಶೈರ್ ಕರಾವಳಿಯ ಎಲೆಕ್ಟ್ರಿಕ್ ಬ್ರೇಗೆ ಕರೆದುಕೊಂಡು ಹೋದ. ಅಲ್ಲೂ ಇದೇ ಆಟ. ಹಿಂದೆ ಅದನ್ನು ವಿದ್ಯುತ್ತಿನದೋ ಅಯಸ್ಕಾಂತದ್ದೋ ಸೆಳೆತ ಅಂದುಕೊಂಡಿದ್ದರಂತೆ, ಹೆಸರು ಬಂದದ್ದು ಹಾಗೆ. ಈಗ ರಸ್ತೆ ಪಕ್ಕದಲ್ಲಿ ಕಲ್ಲು ನೆಟ್ಟು ಗುಟ್ಟನ್ನು ಬರೆದೇ ಹಾಕಿದ್ದಾರೆ: 86 ಅಡಿಗೆ 1 ಅಡಿ ಏರುವ ಈ ರಸ್ತೆ, ಅಕ್ಕಪಕ್ಕದ ನೆಲದ ಆಕಾರದಿಂದಾಗಿ ಉಲ್ಟಾ ಕಾಣುತ್ತದೆ, ಇದು ದೃಷ್ಟಿಭ್ರಮೆ.

ಮಾಮ ಕನ್ನಡಕ ಏರಿಸಿ ಮೇಲಿಂದ ಕೆಳಗೆ ಓದಿದರು. ಮತ್ತೊಮ್ಮೆ ಓದಿದರು. ಮಗ ಕಾದ.

"ಪಾಪ, ಒಳ್ಳೇ ಜನ ಕಣೋ" ಎಂದರು ಮಾಮ. "ತಮ್ಮದು ಡುಪ್ಲಿಕೇಟು ಅಂತ ಪ್ರಾಮಾಣಿಕವಾಗಿ ಬರೆದು ಹಾಕಿದಾರೆ. ನಮ್ಮದು ಒರಿಜಿನಲ್."

ವಾಪಸು ಬರುವಾಗ ಮಗ ಹತ್ತಿರದ ಕಲೇನ್ ಕೋಟೆಯನ್ನು ತೋರಿಸಿ, ಎರಡನೇ ಮಹಾಯುದ್ಧದ ನಂತರ ಅದರ ಮೇಲಂತಸ್ತನ್ನು ಐಸೆನ್‌ಹೋವರ್ ಅವರಿಗೆ ಬಿಟ್ಟುಕೊಟ್ಟಿದ್ದರು ಎಂದ. ಮಾಮ ಅದನ್ನು ಮಾತ್ರ ಮನಸ್ಸಿಟ್ಟು ಕೇಳಿಸಿಕೊಂಡರು. ಈ ಸಲದ ಗೃಹಪ್ರವೇಶದ ಊಟದಲ್ಲಿ ಐಸೆನ್‌ಹೋವರ್ ಲೇಹ್‌ಗೇ ಬಂದಿಳಿದು ಜೀಪನ್ನು ನ್ಯೂಟ್ರಲ್‌ಗೆ ಹಾಕಿದ್ದರು.