ಪಲ್ಲವಿಗೆ ಮಾತ್ರ ಕಿವಿ

ರಾಕ್ ಗೀತೆಯೊಂದು ರಾಜಕಾರಣಿಯ ಕೈಗೆ ಸಿಕ್ಕಿದರೆ ಮೊದಲು ಕಳೆದುಹೋಗುವುದು ಚರಣ. ಪಲ್ಲವಿ ವೇದಿಕೆ ಏರಿ ಮೈಕಿನಲ್ಲಿ ಮೊಳಗುತ್ತದೆ. ಚರಣ, ಹೆಸರಿಗೆ ತಕ್ಕಂತೆ, ಚಪ್ಪಲಿ ಬಿಟ್ಟ ಜಾಗದಲ್ಲೇ ಉಳಿಯುತ್ತದೆ.

1984ರಲ್ಲಿ ಬಂದ ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ರ ‘ಬಾರ್ನ್ ಇನ್ ದ ಯು.ಎಸ್.ಎ.’ ಈ ಪಾಡಿಗೆ ಹೆಸರುವಾಸಿ. ಅದರಲ್ಲಿರುವುದು ವಿಯೆಟ್ನಾಂ ಯುದ್ಧದಿಂದ ಮರಳಿ, ಕೆಲಸವೂ ಸಿಗದೆ ಅಲೆಯುವವನ ಗೋಳು. ಡ್ರಮ್ಮಿನ ಹೊಡೆತಕ್ಕೆ ಮಾತ್ರ ಗೋಳೂ ಜಯಘೋಷದಂತೆಯೇ ಕೇಳುತ್ತದೆ. ಅಂಕಣಕಾರ ಜಾರ್ಜ್ ವಿಲ್ ಬೋ ಟೈ ಕಟ್ಟಿ, ಕಿವಿಗೆ ಹತ್ತಿ ತುರುಕಿಕೊಂಡು ಈ ಗಾಯಕನ ಕಛೇರಿಗೆ ಹೋಗಿಬಂದರು. ಹಾಡಿನಲ್ಲಿ ಅಮೆರಿಕದ ಹುರುಪಿನ ಹಿಗ್ಗನ್ನೇ ಕಂಡು ಬರೆದರು. ಹತ್ತಿ ಒಳ್ಳೆಯ ದರ್ಜೆಯದೇ ಇರಬೇಕು.

ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ 19ರಂದು, ನ್ಯೂಜೆರ್ಸಿಯ ಹ್ಯಾಮಂಟನ್‌ನ ಚುನಾವಣಾ ಸಭೆಯಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಸ್ಪ್ರಿಂಗ್‌ಸ್ಟೀನ್ ಹಾಡುಗಳಲ್ಲಿ ಭರವಸೆಯ ಸಂದೇಶವಿದೆ ಎಂದರು. ಅಧ್ಯಕ್ಷರಿಗೆ ಇಷ್ಟವಾದ ಹಾಡು ಯಾವುದು ಎಂದು ಪತ್ರಕರ್ತರು ಕೇಳಿದಾಗ ಸಿಬ್ಬಂದಿ ಉತ್ತರ ಹುಡುಕಲು ಒಂದಿಷ್ಟು ಹೊತ್ತು ತೆಗೆದುಕೊಂಡರು. ಅತ್ತ ಪಿಟ್ಸ್‌ಬರ್ಗ್ ವೇದಿಕೆಯಲ್ಲಿ ಗಾಯಕರೂ ಅದೇ ಸೋಜಿಗ ತೋಡಿಕೊಂಡು, ಕೆಲಸ ಕಳೆದುಕೊಂಡ ಕಾರ್ಮಿಕನೊಬ್ಬ ಕೊಲೆ ಮಾಡಿ ಜೈಲು ಸೇರುವ ಹಾಡನ್ನು ಹಾಡಿಬಿಟ್ಟರು. ಭರವಸೆಯ ಸಂದೇಶ ತಲುಪಿದಂತಾಯಿತು.

ಕ್ರೀಡನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡದ ‘ಫಾರ್ಚುನೇಟ್ ಸನ್’ (1969) ಉಳ್ಳವರ ಮಕ್ಕಳು ಸೇನೆಯ ಕರೆಯಿಂದ ಜಾರಿಕೊಳ್ಳುವುದನ್ನು ಹಂಗಿಸುವ ಹಾಡು. 2020ರಲ್ಲಿ ಅದು ಡೊನಾಲ್ಡ್ ಟ್ರಂಪ್ ಸಭೆಯಲ್ಲಿ ಮೊಳಗಿತು. ವಿಯೆಟ್ನಾಂ ಕಾಲದಲ್ಲಿ ಅವರಿಗೆ 5 ಬಾರಿ ವಿನಾಯಿತಿ ಸಿಕ್ಕಿತ್ತು. ಹಾಡು ಬರೆದ ಜಾನ್ ಫೋಗರ್ಟಿ ಮೊದಲು ತಬ್ಬಿಬ್ಬಾದರು, ಆಮೇಲೆ ನೋಟಿಸ್ ಕಳಿಸಿದರು. ನೋಟಿಸಿನಲ್ಲಿ ಪಲ್ಲವಿ ಇರುವ ವಾಡಿಕೆಯಿಲ್ಲ.